ಮೀಸೆಗೆ ಮಣ್ಣಾದರೆ ಹೇಳಿಬಿಡಿ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ನಮ್ಮ ಮೈಸೂರು ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಖಾಡದಲ್ಲಿ ಸೋತವನು ಎದ್ದು ಮಣ್ಣು ಕೊಡವಿಕೊಂಡು ಮೀಸೆ ತಿರುವಿದರೆ ನೋಡಿದವರಿಗೆ ನಗು ಬರುತ್ತದೆ. ಆದರೆ ಅದೇ ಮಾತು ಆಸ್ಪತ್ರೆಯ ವಾರ್ಡಿನಲ್ಲಿ ಕೇಳಿದರೆ ನಗುವಂತಿಲ್ಲ. ಲಕ್ವ ಹೊಡೆದು ಮಲಗಿದ್ದ ಅಜ್ಜ ರಾತ್ರಿ ಒಬ್ಬರೇ ಎದ್ದು ಹೋಗಿ ಮಂಚದ ಪಕ್ಕ ಕುಸಿದಿರುತ್ತಾರೆ. ಬೆಳಿಗ್ಗೆ ನರ್ಸಮ್ಮ ಕೇಳಿದರೆ, "ಬೀಳಲಿಲ್ಲ ಕಣಮ್ಮ, ಸುಮ್ಮನೆ ಕೂತೆ ಅಷ್ಟೆ" ಅನ್ನುತ್ತಾರೆ. ಜೊತೆಗಿದ್ದ ಮಗನೂ ತಲೆಯಾಡಿಸುತ್ತಾನೆ. ಅಜ್ಜನಿಗೆ ಮಾನದ ಚಿಂತೆ, ಮಗನಿಗೆ ಬೈಸಿಕೊಳ್ಳುವ ಚಿಂತೆ. ಬಿದ್ದ ಸಂಗತಿ ಅಲ್ಲಿಗೇ ಮುಚ್ಚಿಹೋಗುತ್ತದೆ.

ಅಜ್ಜ ಅಜ್ಜಿಯರೇ, ಮಕ್ಕಳೇ, ಈ ವಾರ ಆ ಮುಚ್ಚಿಹೋಗುವ ಸಂಗತಿಯ ಬಗ್ಗೆಯೇ ಮಾತಾಡೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಊರುಗಳಲ್ಲಿ ಲಕ್ವದ ಸುದ್ದಿ ಕೇಳದ ಬೀದಿ ಇಲ್ಲ. ರೋಗ ಬಂದಾಗ ಏನು ಮಾಡಬೇಕು ಅನ್ನುವುದನ್ನು ಆಗಾಗ ಓದುತ್ತೇವೆ. ಬದುಕಿ ಉಳಿದು, ಚೇತರಿಸಿಕೊಳ್ಳುತ್ತಿರುವಾಗ ಬೀಳುವುದರ ಬಗ್ಗೆ ಓದುವುದು ಕಡಿಮೆ.

ಲಕ್ವ ಅಂದರೆ ಏನು?

ಮೊದಲು ಮಕ್ಕಳಿಗೆ ಎರಡು ಮಾತು. ಕೆ.ಆರ್. ನಗರದ ಕಡೆಯವರಿಗೆ ನಾಲೆ ಗೊತ್ತು. ತೂಬು ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗುತ್ತದೆ. ಏರಿ ಒಡೆದರೆ ಪೈರು ಕೊಚ್ಚಿಹೋಗುತ್ತದೆ. ನಮ್ಮ ಮಿದುಳಿಗೆ ರಕ್ತ ಒಯ್ಯುವ ನಾಳಗಳದ್ದೂ ಇದೇ ಕಥೆ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅಡ್ಡ ನಿಂತರೆ ಅಥವಾ ನಾಳವೇ ಒಡೆದುಹೋದರೆ ಮಿದುಳಿನ ಆ ಭಾಗ ಕೆಲಸ ನಿಲ್ಲಿಸುತ್ತದೆ. ಇದನ್ನೇ ಪಾರ್ಶ್ವವಾಯು, ಲಕ್ವ, ಸ್ಟ್ರೋಕ್ ಎಂದೆಲ್ಲ ಕರೆಯುತ್ತೇವೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಬಲಗಾಲು ಸೋಲುತ್ತವೆ, ಬಹುತೇಕರಿಗೆ ಮಾತೂ ತಡವರಿಸುತ್ತದೆ. ಬಲಭಾಗಕ್ಕೆ ಪೆಟ್ಟಾದರೆ ಎಡಗೈ ಎಡಗಾಲು ಸೋಲುತ್ತವೆ.

ದೊಡ್ಡ ನಾಳ ಕಟ್ಟಿಕೊಂಡಾಗ ಚಿಕಿತ್ಸೆ ಸಿಗದ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅದಕ್ಕೂ ಮೊದಲು ಒಡೆದದ್ದೋ ಕಟ್ಟಿದ್ದೋ ಅಂತ ತಿಳಿಯಲು ತಲೆಯ ಸ್ಕ್ಯಾನ್ ಆಗಬೇಕು. ಕಾಡಂಚಿನ ಹಾಡಿಯಿಂದಲೋ ಹೊಗೆಸೊಪ್ಪಿನ ಹೊಲದಿಂದಲೋ ಮೈಸೂರು ತಲುಪುವಷ್ಟರಲ್ಲಿ ಎಷ್ಟು ಹೊತ್ತು ಕಳೆಯುತ್ತದೆ ಎಂದು ನಿಮಗೇ ಗೊತ್ತು. ಹಾಗಾಗಿ ಬಾಯಿ ಸೊಟ್ಟಗಾಯಿತು, ಕೈ ಜೋತುಬಿತ್ತು, ಮಾತು ತೊದಲಿತು ಅಂದರೆ ಸೊಪ್ಪಿನ ರಸ ಹುಡುಕುತ್ತಾ ಕೂರಬೇಡಿ, ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಈ ಸಂಖ್ಯೆ ನೆನಪಿಟ್ಟುಕೊಳ್ಳುವ ಕೆಲಸ ಮಕ್ಕಳದ್ದು.

ಇನ್ನು ಮುಂದಿನ ಕಥೆ. ಜೀವ ಉಳಿಯಿತು. ನಾಲ್ಕಾರು ದಿನ ಕಳೆದವು. ವೈದ್ಯರು, "ಇನ್ನು ನಿಧಾನವಾಗಿ ಎಬ್ಬಿಸಿ ಕೂರಿಸೋಣ, ನಡೆಸೋಣ" ಅಂದರು. ಫಿಸಿಯೋಥೆರಪಿ ಶುರುವಾಯಿತು. ಬೀಳುವ ಅಪಾಯವೂ ಅಲ್ಲಿಂದಲೇ ಶುರುವಾಗುತ್ತದೆ.

ಏಕೆ ಬೀಳುತ್ತಾರೆ?

ಕಾಲಿಗೆ ಶಕ್ತಿ ಇಲ್ಲ, ಅದಕ್ಕೇ ಬೀಳುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಒಂದು ಕಾರಣ ಮಾತ್ರ. ಸೋತ ಕಾಲಿನ ಪಾದ ಮೇಲಕ್ಕೆ ಏಳದೆ ಜೋತುಬೀಳುತ್ತದೆ, ನೆಲದ ಸಣ್ಣ ಏರಿಗೂ ಬೆರಳು ತಾಗುತ್ತದೆ. ಕಾಲು ನೆಲ ಮುಟ್ಟಿದೆಯೋ ಇಲ್ಲವೋ ಎಂಬ ಅರಿವೇ ಕೆಲವರಿಗೆ ಇರುವುದಿಲ್ಲ. ದೇಹದ ತೂಕ ಯಾವ ಕಡೆ ವಾಲುತ್ತಿದೆ ಎಂದು ಮಿದುಳಿಗೆ ತಡವಾಗಿ ತಿಳಿಯುತ್ತದೆ.

ಎರಡನೆಯ ಕಾರಣ ವಿಚಿತ್ರವಾದದ್ದು, ಮಕ್ಕಳು ಗಮನವಿಟ್ಟು ಕೇಳಿ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಲೋಕವೇ ಮರೆತುಹೋಗುತ್ತದೆ. ಕಣ್ಣು ಚೆನ್ನಾಗಿಯೇ ಇರುತ್ತದೆ, ಆದರೆ ಮನಸ್ಸು ಆ ಕಡೆ ಹರಿಯುವುದಿಲ್ಲ. ತಟ್ಟೆಯ ಬಲಗಡೆಯ ಮುದ್ದೆ ಉಂಡು ಎಡಗಡೆಯ ಪಲ್ಯವನ್ನು ಹಾಗೇ ಬಿಡುತ್ತಾರೆ. ಕೆನ್ನೆಯ ಒಂದು ಬದಿ ಮಾತ್ರ ಕ್ಷೌರ ಮಾಡಿಕೊಳ್ಳುತ್ತಾರೆ. ಅಂಥವರು ಎದ್ದು ಹೊರಟರೆ ಎಡಗಡೆಯ ಸ್ಟೂಲು, ಬಾಗಿಲ ಚೌಕಟ್ಟು ಅವರ ಪಾಲಿಗೆ ಇಲ್ಲವೇ ಇಲ್ಲ. ಇನ್ನೂ ಕೆಲವರಿಗೆ ತಮ್ಮ ಕಾಲು ಸೋತಿದೆ ಅನ್ನುವುದೇ ಮರೆತುಹೋಗುತ್ತದೆ. "ನನಗೇನಾಗಿದೆ?" ಎಂದು ಮೊದಲಿನಂತೆ ದಡಕ್ಕನೆ ಎದ್ದುಬಿಡುತ್ತಾರೆ. ಇದು ಹಟ ಅಲ್ಲ, ರೋಗದ ಒಂದು ಭಾಗ. ಬೈದರೆ ಪ್ರಯೋಜನವಿಲ್ಲ.

ಮೂರನೆಯದು ಮೂತ್ರದ ಅವಸರ. ಲಕ್ವದ ನಂತರ ಮೂತ್ರವನ್ನು ತಡೆದುಕೊಳ್ಳುವುದು ಅನೇಕರಿಗೆ ಕಷ್ಟ. ಹಾಸಿಗೆ ಒದ್ದೆಯಾದರೆ ನಾಚಿಕೆ, ಮಗಳನ್ನೋ ಸೊಸೆಯನ್ನೋ ಎಬ್ಬಿಸಲು ಸಂಕೋಚ. ಹಾಗಾಗಿ ರಾತ್ರಿ ಎರಡು ಗಂಟೆಗೆ ಒಬ್ಬರೇ ಹೊರಡುತ್ತಾರೆ. ನಾಲ್ಕನೆಯದು ಔಷಧ ಮತ್ತು ರಕ್ತದೊತ್ತಡ. ನಿದ್ದೆ ಬರಿಸುವ ಮಾತ್ರೆ ಕಾಲನ್ನು ತಡವರಿಸುತ್ತದೆ. ಬಹಳ ದಿನ ಮಲಗಿದ್ದವರು ಥಟ್ಟನೆ ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ.

ಇದಕ್ಕೆಲ್ಲ ಆಸ್ಪತ್ರೆಯ ನೆಲ ಸೇರಿಕೊಳ್ಳುತ್ತದೆ. ಆಗಷ್ಟೇ ಒರೆಸಿದ ನುಣುಪು ನೆಲ, ಎತ್ತರದ ಮಂಚ, ಬ್ರೇಕ್ ಹಾಕದ ಗಾಲಿ ಕುರ್ಚಿ, ವಾರ್ಡಿನ ಆ ತುದಿಯಲ್ಲಿರುವ ಶೌಚಾಲಯ, ಕಾಲಿಗೆ ಸಡಿಲವಾದ ಹವಾಯಿ ಚಪ್ಪಲಿ, ನೆಲ ಗುಡಿಸುವ ಪಂಚೆ. ನಡೆಯುವಾಗ ಬೀಳುವುದಷ್ಟೇ ಅಲ್ಲ, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಶೌಚದ ಕುರ್ಚಿಗೆ ಬದಲಾಯಿಸುವ ಆ ಅರ್ಧ ನಿಮಿಷದಲ್ಲೂ ಬೀಳುವವರು ಬಹಳ.

ಇಲ್ಲೊಂದು ವಿಚಿತ್ರವಿದೆ. ಪೂರ್ತಿ ಮಲಗಿದವರು ಬೀಳುವುದು ಕಡಿಮೆ. ಚೆನ್ನಾಗಿ ನಡೆಯುವವರೂ ಬೀಳುವುದು ಕಡಿಮೆ. ಇವೆರಡರ ನಡುವೆ ಇರುವವರು, ಅಂದರೆ ಈಗಷ್ಟೇ ಎದ್ದು ನಿಲ್ಲಲು ಕಲಿತವರು ಹೆಚ್ಚು ಬೀಳುತ್ತಾರೆ. ಧೈರ್ಯ ಬಂದಿದೆ, ಬಲ ಇನ್ನೂ ಬಂದಿಲ್ಲ. "ನಿನ್ನೆ ಹತ್ತು ಹೆಜ್ಜೆ ಹಾಕಿದರು, ಇವತ್ತು ನಾನು ಕಾಫಿ ಕುಡಿದು ಬರುತ್ತೇನೆ" ಎಂದು ಜೊತೆಯವರು ಕೆಳಗೆ ಹೋದ ಹೊತ್ತು ಅದು. ಚೇತರಿಕೆ ಕಾಣಿಸಿದ ದಿನವೇ ಕಾವಲು ಹೆಚ್ಚಾಗಬೇಕು.

ಒಂದು ಬೀಳು ಏನೇನು ಕಸಿದುಕೊಳ್ಳುತ್ತದೆ?

ಬಿದ್ದದ್ದೆಲ್ಲ ದೊಡ್ಡ ಗಾಯವಾಗುವುದಿಲ್ಲ. ಎಷ್ಟೋ ಸಲ ತರಚು, ಊತದಲ್ಲಿ ಮುಗಿಯುತ್ತದೆ. ಆದರೆ ಲಕ್ವ ಆದವರು ಹೆಚ್ಚಾಗಿ ಸೋತ ಬದಿಗೇ ಬೀಳುತ್ತಾರೆ. ಆ ಬದಿಯ ಕೈ ಊರಿಕೊಳ್ಳಲು ಬರುವುದಿಲ್ಲ. ಬಳಕೆಯಿಲ್ಲದೆ ಆ ಬದಿಯ ಮೂಳೆಯೂ ತಿಂಗಳುಗಳಲ್ಲಿ ಟೊಳ್ಳಾಗುತ್ತಾ ಬರುತ್ತದೆ. ಹಾಗಾಗಿ ಸೊಂಟದ ಕೀಲಿನ ಬಳಿ ಮೂಳೆ ಮುರಿಯುವ ಅಪಾಯ ಇವರಿಗೆ ಬೇರೆಯವರಿಗಿಂತ ಹೆಚ್ಚು. ಮುರಿದರೆ ಶಸ್ತ್ರಚಿಕಿತ್ಸೆ, ಮತ್ತೆ ಹಾಸಿಗೆ. ಮಿದುಳು ಹೊಸದಾಗಿ ಕಲಿಯಲು ಬಹಳ ಚುರುಕಾಗಿರುವುದು ಲಕ್ವದ ನಂತರದ ಮೊದಲ ಕೆಲವು ತಿಂಗಳುಗಳಲ್ಲಿ. ಆ ಬಂಗಾರದಂಥ ತಿಂಗಳುಗಳು ಮೂಳೆ ಕೂಡುವುದನ್ನು ಕಾಯುವುದರಲ್ಲೇ ಕಳೆದುಹೋಗುತ್ತವೆ.

ಕಣ್ಣಿಗೆ ಕಾಣದ ಗಾಯ ಇನ್ನೊಂದಿದೆ, ಅದು ಭಯ. ಒಮ್ಮೆ ಬಿದ್ದವರು ಮತ್ತೆ ನಿಲ್ಲಲು ಹೆದರುತ್ತಾರೆ. ಹೆದರಿ ಕೂರುತ್ತಾರೆ. ಕೂತರೆ ತೊಡೆಯ ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಕಾಲು ಇನ್ನಷ್ಟು ನಡುಗುತ್ತದೆ. ಆಮೇಲೆ ಅನಿವಾರ್ಯವಾಗಿ ಎದ್ದಾಗ ಮತ್ತೆ ಬೀಳುತ್ತಾರೆ. ಎತ್ತಿನ ಗಾಣದ ಹಾಗೆ ಇದು ಸುತ್ತಿದಲ್ಲೇ ಸುತ್ತುತ್ತದೆ.

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಇಬ್ಬರು ವೈದ್ಯಕೀಯ ಸಂಶೋಧಕರು ಲಕ್ವದಿಂದ ಚೇತರಿಸಿಕೊಂಡು ಮನೆಗೆ ಹೋದ 108 ಮಂದಿಯ ಮೇಲೆ ಆರು ತಿಂಗಳು ಕಣ್ಣಿಟ್ಟಿದ್ದರು. ಅವರ ವರದಿ 1995ರಲ್ಲಿ ಪ್ರಕಟವಾಯಿತು. ಆ ಆರು ತಿಂಗಳಲ್ಲಿ ನೂರಕ್ಕೆ 73 ಮಂದಿ ಒಮ್ಮೆಯಾದರೂ ಬಿದ್ದಿದ್ದರು. ಆಸ್ಪತ್ರೆಯಲ್ಲಿದ್ದಾಗ ಬಿದ್ದವರು ಮನೆಗೆ ಹೋದ ಮೇಲೂ ಬೀಳುವ ಸಂಭವ ಹೆಚ್ಚಿತ್ತು. ಪದೇಪದೇ ಬಿದ್ದವರು ನಾಲ್ಕು ಜನರ ನಡುವೆ ಬೆರೆಯುವುದು ಕಡಿಮೆಯಾಗಿತ್ತು, ಮನಸ್ಸು ಮಂಕಾಗಿತ್ತು, ಅವರನ್ನು ನೋಡಿಕೊಳ್ಳುವವರೂ ಹೆಚ್ಚು ಬಳಲಿದ್ದರು. ಆಸ್ಪತ್ರೆಯಲ್ಲಿ ಆದ ಬೀಳು ಮುಂದಿನ ಬೀಳುಗಳ ಮುನ್ಸೂಚನೆ ಎನ್ನುವುದು ಈ ಲೆಕ್ಕದ ಪಾಠ. ಮುನ್ಸೂಚನೆಯನ್ನು ಮುಚ್ಚಿಟ್ಟರೆ ಮುಂದಿನದ್ದನ್ನು ತಡೆಯುವ ದಾರಿಯೂ ಮುಚ್ಚುತ್ತದೆ. ಮೀಸೆಗೆ ಮಣ್ಣಾಗಿದ್ದರೆ ಹೇಳಿಬಿಡಿ ಎನ್ನುವುದು ಇದಕ್ಕೇ.

ಹಾಗಾದರೆ ಮಲಗಿಸಿಯೇ ಇಡೋಣವೇ?

"ಬೀಳುವ ಗೊಡವೆಯೇ ಬೇಡ, ಮಲಗೇ ಇರಲಿ" ಎನ್ನುವ ಮನೆಯವರಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹಾಸಿಗೆಯೂ ಸುರಕ್ಷಿತ ಜಾಗವಲ್ಲ. ಬಹಳ ದಿನ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರಬಹುದು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕೀಲುಗಳು ಬಿಗಿಯಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಮಿದುಳು ಕಲಿಯುವುದು ಮಾಡಿ ಮಾಡಿಯೇ. ನಡೆಯದೆ ನಡೆಯುವುದನ್ನು ಕಲಿಯಲಾಗದು.

ಹಾಗೆಂದು ಮೊದಲ ದಿನವೇ ಎಬ್ಬಿಸಿ ಓಡಾಡಿಸುವುದೂ ತಪ್ಪು. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2104 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಹೊರಬಂತು. ಲಕ್ವ ಆದ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ಅಭ್ಯಾಸ ಮಾಡಿಸಿದವರ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಎಂದಿನ ಆರೈಕೆ ಪಡೆದವರ ಗುಂಪಿಗಿಂತ ಸ್ವಲ್ಪ ಕಡಿಮೆಯೇ ಇದ್ದರು. ಮುಂದೆ ಅದೇ ಲೆಕ್ಕವನ್ನು ಬಿಡಿಸಿ ನೋಡಿದಾಗ, ಒಂದೇ ಸಲ ಬಹಳ ಹೊತ್ತು ಮಾಡಿಸುವುದಕ್ಕಿಂತ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಮಾಡಿಸುವುದು ವಾಸಿ ಎಂದು ಕಂಡಿತು.

ನಮ್ಮ ಕಡೆಯ ಮಕ್ಕಳಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ದಸರೆಯ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಕಾಡಿನಿಂದ ಬಂದ ಆನೆಯ ಬೆನ್ನಿಗೆ ಅರಮನೆಯಲ್ಲಿ ಮಾರನೆಯ ದಿನವೇ 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಕಟ್ಟುತ್ತಾರೆಯೇ? ಇಲ್ಲ. ಮೊದಲು ಬರಿಗಾಲ ನಡಿಗೆ. ಆಮೇಲೆ ಮರಳಿನ ಮೂಟೆ. ದಿನ ಕಳೆದಂತೆ ಮೂಟೆಯ ಭಾರ ಹೆಚ್ಚುತ್ತದೆ. ಆಮೇಲೆ ಮರದ ಅಂಬಾರಿ. ಜಂಬೂಸವಾರಿಯ ದಿನವೂ ಅಂಬಾರಿ ಆನೆ ಒಂಟಿಯಾಗಿ ಹೋಗುವುದಿಲ್ಲ, ಎಡಬಲದಲ್ಲಿ ಕುಮ್ಕಿ ಆನೆಗಳಿರುತ್ತವೆ. ಅಂಥ ಬಲಶಾಲಿ ಆನೆಗೇ ಪಕ್ಕದಲ್ಲಿ ಜೊತೆ ಬೇಕು. ಹೀಗಿರುವಾಗ ಲಕ್ವದಿಂದ ಏಳುತ್ತಿರುವ ಅಜ್ಜನಿಗೆ ಪಕ್ಕದಲ್ಲೊಬ್ಬರು ಬೇಕಾದರೆ ಅದರಲ್ಲಿ ಯಾವ ಅವಮಾನವೂ ಇಲ್ಲ. ಲಕ್ವ ಆದವರ ಅಭ್ಯಾಸವೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲು ಹಾಸಿಗೆಯಲ್ಲಿ ಮಗ್ಗುಲಾಗುವುದು, ಆಮೇಲೆ ಅಂಚಿನಲ್ಲಿ ಕೂರುವುದು, ನಿಲ್ಲುವುದು, ಹೆಜ್ಜೆ ಹಾಕುವುದು.

ಜೊತೆಗಿರುವವರ ಕೆಲಸ

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವವರು ಮನೆಯವರೇ. ತಾಲ್ಲೂಕು ಆಸ್ಪತ್ರೆಯಿರಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಿರಲಿ, ಒಬ್ಬ ನರ್ಸ್ ಅನೇಕ ಮಂಚಗಳನ್ನು ನೋಡಬೇಕು. ಹಾಗಾಗಿ ಎಬ್ಬಿಸುವ, ಕೂರಿಸುವ ಕೆಲಸ ಬಹುಪಾಲು ಹೆಂಡತಿ, ಮಗ, ಸೊಸೆಯ ಪಾಲಿಗೆ ಬರುತ್ತದೆ. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ಪ್ರಯೋಗ ನಡೆದು, 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ 47 ಮಂದಿ ತೀರಿಕೊಂಡಿದ್ದರು ಇಲ್ಲವೇ ಇನ್ನೊಬ್ಬರನ್ನು ಅವಲಂಬಿಸಿದ್ದರು. ಮನೆಯವರ ಪ್ರೀತಿ ಬೇಡವೆಂದು ಇದರ ಅರ್ಥವಲ್ಲ. ಕಲಿತ ಫಿಸಿಯೋಥೆರಪಿಸ್ಟರ ಜಾಗವನ್ನು ಮನೆಯವರೇ ತುಂಬಲಾಗದು, ಎಲ್ಲ ಹೊರೆಯನ್ನೂ ಅವರ ಮೇಲೆ ಹಾಕಿ ಕೈತೊಳೆದುಕೊಳ್ಳಲೂ ಆಗದು ಎಂದು ಅರ್ಥ. ಆದ್ದರಿಂದ ಜೊತೆಗಿರುವವರು ಸಂಕೋಚ ಬಿಟ್ಟು ಕೇಳಬೇಕು: "ಇವರನ್ನು ಎಬ್ಬಿಸುವುದು ಹೇಗೆ, ಒಮ್ಮೆ ತೋರಿಸಿಕೊಡಿ. ನಾನು ಮಾಡುತ್ತೇನೆ, ಸರಿಯಿದೆಯೇ ನೋಡಿ."

ಸಾಮಾನ್ಯವಾಗಿ ಅವರು ಹೇಳಿಕೊಡುವ ಕೆಲವು ಸಂಗತಿಗಳು ಇವು. ಕುರ್ಚಿಯನ್ನು ರೋಗಿಯ ಗಟ್ಟಿ ಬದಿಗೆ, ಮಂಚಕ್ಕೆ ತಾಗಿಸಿ ಇಡಿ. ಗಾಲಿಗಳ ಬ್ರೇಕ್ ಹಾಕಿ. ಮಲಗಿದವರನ್ನು ಒಮ್ಮೆಗೇ ನಿಲ್ಲಿಸಬೇಡಿ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತಿದೆಯೇ ಎಂದು ಕೇಳಿ. ಎರಡೂ ಪಾದ ನೆಲಕ್ಕೆ ಊರಿರಲಿ. ದೇಹ ಮುಂದಕ್ಕೆ ಬಾಗಿದ ಮೇಲೆ ಏಳಲಿ. ನಡೆಸುವಾಗ ನೀವು ಸೋತ ಬದಿಗೆ ನಿಲ್ಲಿ. ಸೋತ ಕೈ ಹಿಡಿದು ಎಳೆಯಲೇಬೇಡಿ, ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಸೊಂಟದ ಬಳಿ ಹಿಡಿಯಿರಿ. ಕೋಲು ಗಟ್ಟಿ ಕೈಯಲ್ಲಿರಲಿ.

ಕಾಲಿಗೆ ಹಿಮ್ಮಡಿ ಹಿಡಿಯುವ, ಅಡಿ ಜಾರದ ಪಾದರಕ್ಷೆ ಇರಲಿ. ಪಂಚೆಯಾಗಲಿ ಸೀರೆಯಾಗಲಿ ಹಿಮ್ಮಡಿಗಿಂತ ಮೇಲಿರಲಿ. ನೀರಿನ ಲೋಟ, ಕನ್ನಡಕ, ಕರೆಗಂಟೆ ಗಟ್ಟಿ ಕೈಗೆ ಎಟುಕುವಲ್ಲಿರಲಿ. ಎಡಗಡೆಯನ್ನು ಮರೆಯುವವರಿಗೆ ಆ ಬದಿಯಲ್ಲಿ ಸ್ಟೂಲು, ಬಕೆಟ್ ಇಡಬೇಡಿ, ಆದರೆ ಮಾತಾಡುವಾಗ ಆಗಾಗ ಆ ಬದಿಗೆ ಹೋಗಿ ಕರೆಯಿರಿ, ಮನಸ್ಸು ಆ ಕಡೆ ತಿರುಗುವುದನ್ನು ಕಲಿಯಲಿ. ರಾತ್ರಿ ಮಲಗುವ ಮುಂಚೆ ಒಮ್ಮೆ ಮೂತ್ರಕ್ಕೆ ಕರೆದೊಯ್ಯಿರಿ. ಮಂಚದ ಬಳಿಯೇ ಮೂತ್ರದ ಬಾಟಲಿ ಅಥವಾ ಬೆಡ್‌ಪ್ಯಾನ್ ಇರಲಿ. ಎರಡು ಮೂರು ಗಂಟೆಗೊಮ್ಮೆ ನೀವೇ ಕೇಳಿದರೆ ಅವರು ಅವಸರದಲ್ಲಿ ಎದ್ದು ಹೊರಡುವುದು ತಪ್ಪುತ್ತದೆ. ಅವರು ಮುಜುಗರದಿಂದ ಕೇಳುವುದಿಲ್ಲ, ಆದ್ದರಿಂದ ನೀವು ಕೇಳಿ. ಜೊತೆಗಿರುವವರು ಬದಲಾಗುವಾಗ ಊಟದ ಡಬ್ಬಿಯ ಜೊತೆಗೆ ಈ ವಿಷಯಗಳನ್ನೂ ಒಪ್ಪಿಸಿ ಹೋಗಿ.

ಬಿದ್ದರೆ ಏನು ಮಾಡಬೇಕು?

ಬಿದ್ದ ಕೂಡಲೇ ಇಬ್ಬರು ಕೈ ಹಿಡಿದು ಎತ್ತುವುದು ನಮ್ಮ ರೂಢಿ. ಸ್ವಲ್ಪ ತಡೆಯಿರಿ. ಅಲ್ಲೇ ಇರಲಿ ಬಿಡಿ, ನರ್ಸನ್ನು ಕರೆಯಿರಿ. ತಲೆಗೆ ಪೆಟ್ಟಾಯಿತೇ, ಸೊಂಟ ನೋಯುತ್ತಿದೆಯೇ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಾಣುತ್ತಿದೆಯೇ ನೋಡಿ. ಹಾಗೆ ಕಂಡರೆ ಮೂಳೆ ಮುರಿದಿರಬಹುದು, ಎತ್ತಲು ಹೋಗಬೇಡಿ. ಲಕ್ವ ಆದವರಲ್ಲಿ ಅನೇಕರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅಂಥವರ ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯವಿಲ್ಲದಿದ್ದರೂ ಒಳಗೆ ರಕ್ತ ಸೋರಬಹುದು. "ಏನೂ ಆಗಿಲ್ಲ" ಎಂದು ಅವರೇ ಹೇಳಿದರೂ ವೈದ್ಯರಿಗೆ ತಿಳಿಸಲೇಬೇಕು. ಹಾಗೆಂದು ಹೆದರಿ ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮನೆಯಲ್ಲಿ ಬಿದ್ದರೆ 108 ಇದೆ. ಬಿದ್ದವರ ಮಾತು ತೊದಲಿದರೆ, ಕೈಕಾಲು ಇನ್ನಷ್ಟು ಸೋತಂತೆ ಕಂಡರೆ, ಬಿದ್ದದ್ದಕ್ಕೆ ಇನ್ನೊಂದು ಲಕ್ವವೇ ಕಾರಣವಾಗಿರಬಹುದು.

ವೈದ್ಯರು ಕೇಳುವ ಪ್ರಶ್ನೆಗಳಿಗೆ ನೇರ ಉತ್ತರ ಕೊಡಿ. ಎಷ್ಟು ಹೊತ್ತಿಗೆ, ಎಲ್ಲಿಗೆ ಹೋಗುವಾಗ, ಯಾವ ಬದಿಗೆ, ತಲೆ ಸುತ್ತಿತೇ, ಕಾಲು ಎಡವಿತೇ? ಈ ಐದು ಉತ್ತರಗಳಿಂದ ಕಾರಣ ಸಿಗುತ್ತದೆ. ತಲೆ ಸುತ್ತಿ ಬಿದ್ದಿದ್ದರೆ ರಕ್ತದೊತ್ತಡ ಮತ್ತು ಮಾತ್ರೆ ಪರೀಕ್ಷಿಸಬೇಕು. ಪಾದ ಎಡವಿದ್ದರೆ ಪಾದ ಎತ್ತಿ ಹಿಡಿಯುವ ಪಟ್ಟಿ ಬೇಕಾಗಬಹುದು. ಶೌಚಕ್ಕೆ ಹೊರಟು ಬಿದ್ದಿದ್ದರೆ ವೇಳಾಪಟ್ಟಿ ಬೇಕು. ಕಾರಣ ತಿಳಿದ ಮೇಲೆ ಫಿಸಿಯೋಥೆರಪಿಸ್ಟರು ಮತ್ತೆ ನಿಲ್ಲಿಸಲಿ. ಬಿದ್ದರು ಎಂದು ಅಭ್ಯಾಸ ಬಿಡಬಾರದು, ಬಿದ್ದದ್ದನ್ನು ಮರೆತು ಅಭ್ಯಾಸ ಮಾಡಿಸಲೂಬಾರದು. ಮಾತು ನಿಂತುಹೋದವರು ಬಿದ್ದದ್ದನ್ನು ಹೇಳಲಾರರು. ಅವರಿಗಾಗಿ ಕಣ್ಣಾಗಿರಬೇಕಾದವರು ನಾವು. ಮಾತಿನ ಚಿಕಿತ್ಸೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೊರಗಿನ ರಾಜ್ಯಗಳಿಂದಲೂ ಜನ ಅಲ್ಲಿಗೆ ಬರುತ್ತಾರೆ. ನಮಗಂತೂ ಅದು ಪಕ್ಕದಲ್ಲೇ ಇದೆ.

ಮನೆಗೆ ಬರುವ ಮುಂಚೆ

ಬಿಡುಗಡೆಯ ದಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಸರ. ಆದರೂ ನಮ್ಮ ಮನೆ ಹೇಗಿದೆ ಎಂದು ಫಿಸಿಯೋಥೆರಪಿಸ್ಟರಿಗೆ ಬಾಯಿಬಿಟ್ಟು ಹೇಳಿ. ಅವರು ಅಭ್ಯಾಸ ಮಾಡಿಸುವುದು ಸಮತಟ್ಟಾದ ನೆಲದಲ್ಲಿ. ನಮ್ಮ ಹಳ್ಳಿಯ ಮನೆಯಲ್ಲಿ ಜಗುಲಿಗೆ ಮೂರು ಮೆಟ್ಟಿಲು, ಗೇಣುದ್ದ ಹೊಸ್ತಿಲು, ಹಿತ್ತಿಲಲ್ಲಿ ಬಚ್ಚಲು, ಅಂಗಳದಲ್ಲಿ ದನದ ಹಗ್ಗ. "ಹೊಸ್ತಿಲು ದಾಟುವುದನ್ನು, ಮೆಟ್ಟಿಲು ಹತ್ತುವುದನ್ನು ಇಲ್ಲೇ ಹೇಳಿಕೊಡಿ" ಎಂದು ಕೇಳಿ. ಮೆಟ್ಟಿಲಿಗೆ ಒಂದು ಸುಲಭ ಸೂತ್ರವಿದೆ: ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಸೋತ ಕಾಲು ಮುಂದೆ. ಬಚ್ಚಲಿಗೆ ಹಿಡಿದುಕೊಳ್ಳುವ ಗಟ್ಟಿ ಸರಳೊಂದನ್ನು ಗೋಡೆಗೆ ಹಾಕಿಸಿ. ಕೂತು ಸ್ನಾನ ಮಾಡಲು ಅಲುಗದ ಕುರ್ಚಿ ಇರಲಿ. ನೆಲದ ಶೌಚಾಲಯವಿದ್ದರೆ ಮೇಲೆ ಇಡುವ ಶೌಚದ ಕುರ್ಚಿ ತನ್ನಿ. ಕರೆಂಟು ಹೋಗುವ ಊರುಗಳಲ್ಲಿ ದಿಂಬಿನ ಬದಿಗೆ ಟಾರ್ಚ್ ಇರಲೇಬೇಕು.

ಬೀಳುವುದು ಬರಿಯ ಲಕ್ವದವರ ಸಮಸ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದೇ. ಅದರಲ್ಲೂ 60 ದಾಟಿದವರ ಪಾಲು ದೊಡ್ಡದು.

ಮಕ್ಕಳೇ, ನಿಮ್ಮ ಪಾಲು

ನಿಮಗೂ ಕೆಲಸವಿದೆ. ಒಂದು ಕೆಲಸ ಮಾತ್ರ ನಿಮ್ಮದಲ್ಲ: ಅಜ್ಜನನ್ನೋ ಅಜ್ಜಿಯನ್ನೋ ಎತ್ತಲು ಹೋಗಬೇಡಿ. ನೀವೂ ಬೀಳುತ್ತೀರಿ. ಬೀಳುತ್ತಿರುವುದು ಕಂಡರೆ ಜೋರಾಗಿ ದೊಡ್ಡವರನ್ನು ಕೂಗಿ.

ಉಳಿದದ್ದೆಲ್ಲ ನಿಮ್ಮಿಂದ ಆಗುತ್ತದೆ. ಶಾಲೆಯ ಚೀಲ, ಗೋಲಿ, ಚೆಂಡು, ಚಾರ್ಜರಿನ ವೈರು ನಡೆಯುವ ದಾರಿಯಲ್ಲಿ ಬಿಡಬೇಡಿ. ನೆಲಕ್ಕೆ ನೀರು ಚೆಲ್ಲಿದರೆ ಯಾರು ಚೆಲ್ಲಿದರು ಎಂಬ ಜಗಳಕ್ಕಿಂತ ಮೊದಲು ಒರೆಸಿ. ಅಜ್ಜ ಇವತ್ತು ಎಷ್ಟು ಸಲ ಕುರ್ಚಿಯಿಂದ ಎದ್ದು ನಿಂತರು, ಎಷ್ಟು ಹೆಜ್ಜೆ ಹಾಕಿದರು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಬಿದ್ದ ದಿನವನ್ನೂ ಅಲ್ಲೇ ಬರೆಯಿರಿ. ಅಟ್ಟದ ಮೇಲಿನ ಅಳಗುಳಿ ಮಣೆ ಇಳಿಸಿ. ಹುಣಸೆಬೀಜವನ್ನು ಒಂದೊಂದಾಗಿ ಎತ್ತಿ ಗುಳಿಗೆ ಹಾಕುವುದು ಸೋತ ಬೆರಳಿಗೆ ಒಳ್ಳೆಯ ಅಭ್ಯಾಸ. ಅಜ್ಜಿ ನಿಧಾನವಾಗಿ ಆಡಿದರೆ ಕಾಯಿರಿ, ಅವರ ಬೀಜವನ್ನು ನೀವೇ ಎತ್ತಿ ಹಾಕಬೇಡಿ. ಮಾತು ತಡವರಿಸಿದರೆ ಪೂರ್ತಿ ಮಾಡುವ ತನಕ ಕೇಳಿ. ನಗಬೇಡಿ, ಅಣಕಿಸಬೇಡಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಬಿತ್ತುವ ಕಾಲಕ್ಕೆ ಎತ್ತು ಸಾಲದಿದ್ದರೆ ಪಕ್ಕದ ಹೊಲದವರ ಜೋಡಿ ಕೇಳಿ ತಂದವರು ನೀವು. ಸಸಿ ನಾಟಿಗೆ, ಕಣಕ್ಕೆ ಮುಯ್ಯಾಳು ಕರೆದವರು ನೀವು. ಆಗ ಕೇಳುವುದು ಅವಮಾನವಾಗಿರಲಿಲ್ಲ. ಈಗ ರಾತ್ರಿ ಎರಡು ಗಂಟೆಗೆ "ಒಂದು ಕೈ ಕೊಡು ಬಾ" ಎಂದು ಮಗನನ್ನು ಎಬ್ಬಿಸುವುದೂ ಅದೇ ಮುಯ್ಯಿ. ಅವನು ಮಗುವಾಗಿದ್ದಾಗ ಅದೇ ಹೊತ್ತಿಗೆ ನಿಮ್ಮನ್ನು ಎಷ್ಟು ಸಲ ಎಬ್ಬಿಸಿದ್ದಾನೋ ಲೆಕ್ಕವಿದೆಯೇ?

ಈ ವಾರದ ಕೆಲಸ: ಮಕ್ಕಳು ಮತ್ತು ಅಜ್ಜ ಅಜ್ಜಿಯರು ಸೇರಿ ಮಂಚದಿಂದ ಬಚ್ಚಲಿನವರೆಗೆ ಒಮ್ಮೆ ಹಗಲಿನಲ್ಲಿ, ಒಮ್ಮೆ ದೀಪ ಆರಿಸಿದ ಮೇಲೆ ಟಾರ್ಚ್ ಹಿಡಿದು, ಕೈ ಕೈ ಹಿಡಿದುಕೊಂಡು ನಿಧಾನವಾಗಿ ನಡೆದು ನೋಡಿ. ಕಾಲಿಗೆ ಏನೇನು ತಾಗಬಹುದು, ಎಲ್ಲಿ ಜಾರಬಹುದು, ಎಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಭಾನುವಾರ ಅಪ್ಪ ಅಮ್ಮನ ಮುಂದೆ ಆ ಹಾಳೆ ಇಡಿ, ಒಂದಾದರೂ ಸರಿಯಾಗುವ ತನಕ ಬಿಡಬೇಡಿ.